ಮಾಮಾನ ಗ್ರಾನುಲಾಟ್

ಉದಗೀರದಲ್ಲಿರುವ ನನ್ನ ಸೋದರಮಾವನಿಗೆ ನಾರ್ವೇ ದೇಶದ ಭಾಷೆ ಬರುತ್ತದೆ! ನಗಬೇಡಿ. ಬರುವುದು ಒಂದೇ ಶಬ್ದ, ನಿಜ. ಆದರೆ ಅದನ್ನು ಮಾಮಾ ಬಳಸುವಷ್ಟು ನಾರ್ವೇದವರೂ ಬಳಸಿರಲಾರರು.

ಮನೆತನದ ಕಾಳುಕಡಿ ವ್ಯಾಪಾರ ಬಿಟ್ಟು, ಮಾಮಾ ತುರೋರಿಯ ಹೆದ್ದಾರಿ ಬದಿಗೆ ಲಾರಿಯ ಹಳೇ ಟೈರು ಪುಡಿ ಮಾಡುವ ಯಂತ್ರ ಹಾಕಿದ. ನಾರ್ವೇದಿಂದ ಬಂದ ಆ ಹಳೇ ಯಂತ್ರದ ಹೊಟ್ಟೆಯ ಮೇಲೆ ‘ಗ್ರಾನುಲಾಟ್’ ಎಂದು ಬರೆದಿತ್ತು. ರಬ್ಬರ್, ಪ್ಲಾಸ್ಟಿಕ್, ಕಲ್ಲು, ಯಾವುದನ್ನೇ ಕಾಳುಕಾಳಾಗಿ ಒಡೆದರೂ ಅಲ್ಲಿ ಹಾಗೆನ್ನುತ್ತಾರೆ ಎಂದು ಮೆಕ್ಯಾನಿಕ್ ಹೇಳಿದ. ಮುಗಿಯಿತು! ಅಂದಿನಿಂದ ಸಕ್ಕರೆ, ಉಸುಕು, ಯೂರಿಯಾ ಎಲ್ಲವೂ ಗ್ರಾನುಲಾಟ್!

ನನ್ನ ತಮ್ಮನಿಗೆ ಹೆಣ್ಣು ನೋಡಲು ನಿಲಂಗಾಕ್ಕೆ ಹೋದಾಗ ಉಪ್ಪಿಟ್ಟು ಕೊಟ್ಟರು. ಮಾಮಾ ಎರಡು ಬೆರಳಲ್ಲಿ ತಿಕ್ಕಿ ನೋಡಿ ಸಾರಿದ: “ಗ್ರಾನುಲಾಟ್ ಏಕದಂ ಮಸ್ತ ಅದರೀ!”

ಹೆಣ್ಣಿನ ತಂದೆ ಗಾಬರಿಯಾಗಿ ನನ್ನ ಕಿವಿಯಲ್ಲಿ ಕೇಳಿದರು: “ನಿಮ್ಮ ಮಾಮಾಗ ಏನಾರ ಜಡ್ಡ ಅದ ಏನ್ರೀ?”

ಇನ್ನೊಮ್ಮೆ ಯೆಣೆಗೂರಿನ ಹತ್ತಿರ ರಸ್ತೆ ಕೆಲಸ ನಡೆದಿದ್ದರಿಂದ ಬಸ್ಸು ನಿಂತಿತು. ಮಾಮಾ ಇಳಿದೇಬಿಟ್ಟ. ಕಂಡಕ್ಟರ್ “ಕಾಕಾ, ಚಲಾ ಲವಕರ್!” ಎಂದು ಮರಾಠಿಯಲ್ಲಿ ಅವಸರಿಸಿದರೆ, “ತಡೀಪಾ, ಡಾಂಬರದಾಗ ರಬ್ಬರ್ ಕಾಳು ಕೂಡಸ್ಯಾರೋ ಇಲ್ಲೋ ನೋಡ್ತೀನಿ” ಎಂದ. ಬಸ್ಸು ತಡೆಯುತ್ತದೆಯೇ? ಮಾಮಾ ಉಮರ್ಗಾ ತಲುಪಿದ್ದು ಜಲ್ಲಿ ತುಂಬಿದ ಟಿಪ್ಪರಿನಲ್ಲಿ, ಮದುಮಗನ ಠೀವಿಯಲ್ಲಿ!

ಹೀಗಿರುವಾಗ ಮಾಮಿ ಅಂಗಳದ ಹಾಸುಗಲ್ಲಿನ ಮೇಲೆ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಆಯಿತು, ಮೂಳೆ ಕೂಡಿತು, ಅಂಜಿಕೆ ಮಾತ್ರ ಹೋಗಲಿಲ್ಲ. ನಡೆಯದಿದ್ದರೆ ಕಾಲುಗಳು ಸೋತುಹೋಗುತ್ತವೆ ಎಂದು ಡಾಕ್ಟರು ಎಚ್ಚರಿಸಿದರೂ ಮಾಮಿ ಮಂಚದಿಂದ ಇಳಿಯಲೊಲ್ಲರು.

ಮಾಮಾ ಯಂತ್ರ ಬಂದ್ ಮಾಡಿ, ಚೀಲಗಟ್ಟಲೆ ರಬ್ಬರ್ ಕಾಳು ತಂದು, ಅಂಟಿನಲ್ಲಿ ಕಲಸಿ ಅಂಗಳದ ತುಂಬ ಬಳಿದ.

“ಮನ್ಯಾಗೇ ಹೈವೇ ಮಾಡ್ಯಾನ!” ಎಂದು ನೆರೆಯವರು ನಕ್ಕರು. ನಾನೂ ನಕ್ಕೆ.

ಮಂಚದ ಮೇಲಿಂದಲೇ ಮಾಮಿ ರೇಗಿದರು: “ಅಯ್ಯ! ಇನ್ನ ರಂಗೋಲಿ ಎಲ್ಲಿ ಹಾಕ್ಲಿ ನಾ?”

ಮಾಮಾ ಅಂಗಳದ ನಡುವೆ ನಿಂತು, ಬೇಕೆಂದೇ ದೊಪ್ಪನೆ ಬಿದ್ದ! ಎದ್ದು ಮತ್ತೆ ಬಿದ್ದ. ಮಗ್ಗುಲಾಗಿ ಬಿದ್ದ, ಬೆನ್ನ ಮೇಲೆ ಬಿದ್ದ. ತಲೆಯೆಲ್ಲ ನೆರೆತ ಮನುಷ್ಯ!

“ನೋಡು, ಬಿದ್ರೂ ಏನೂ ಆಗಂಗಿಲ್ಲ.”

ಮಾಮಿಗೆ ನಗು ತಡೆಯಲಾಗಲಿಲ್ಲ. ಮರುಕ್ಷಣವೇ ಜೀವ ಝಲ್ಲೆಂದಿತು. “ಸಾಕ್ರೀ! ನಿಮ್ಮ ಸೊಂಟ ಮುರದ್ರ ಯಾರು ನೋಡ್ಬೇಕು?” ಎನ್ನುತ್ತ ಮಂಚ ಇಳಿದು, ಗೋಡೆ ಹಿಡಿದು, ಹೊಸ್ತಿಲು ದಾಟಿದರು. ಅಂಗಳಕ್ಕೆ ಬಂದಮೇಲೆಯೇ ಅವರಿಗೆ ಗೊತ್ತಾದದ್ದು, ತಾವು ನಡೆಯುತ್ತಿದ್ದೇವೆ ಎಂದು. ಅಲ್ಲೇ ನಿಂತುಬಿಟ್ಟರು.

ಮಾಮಾ ಏಳಲಿಲ್ಲ. ಬಿದ್ದಲ್ಲಿಂದಲೇ ಕೈ ಚಾಚಿದ.

“ಇನ್ನೊಂದೀಟು ಮುಂದ ಬಾ,” ಎಂದ ಮೆಲ್ಲಗೆ, “ನನಗ ಎಬ್ಬಸು.”