ಮೊಣಕಾಲು ಗುಣಪಡಿಸಿದ ದುರ್ಬೀನಿನ ಮೇಲೊಂದು ತಕರಾರು

ಭವಾನಿ ಪೇಠ, ಪುಣೆ
೧೯೩೮

ಮಾನ್ಯ ದುರ್ಬೀನು ಮಹಾಶಯರೇ,

ಪರದೇಶದಿಂದ ಹಡಗು ಹತ್ತಿ ಬಂದು, ನಮ್ಮ ಡಾಕ್ಟರರ ಕಪಾಟಿನಲ್ಲಿ ಮಖಮಲ್ಲಿನ ಮೇಲೆ ಪವಡಿಸಿರುವ, ಕೀಲಿನೊಳಗೆ ಇಣುಕಿ ನೋಡುವ ಸಪೂರ ನಳಿಗೆಯಂಥ ತಮಗೆ, ಬೆಲ್ಲದ ವ್ಯಾಪಾರಿ ಈರಬಸಪ್ಪನ ಸಾಷ್ಟಾಂಗ ನಮಸ್ಕಾರಗಳು. ಸಾಷ್ಟಾಂಗ ಹಾಕುವ ಶಕ್ತಿ ಕೊಟ್ಟವರು ತಾವೇ ಆದ್ದರಿಂದ ಇದು ಬರೀ ಬಾಯಿಮಾತಲ್ಲ.

ಮೊಣಕಾಲೆಂದರೆ ಕುಂಬಳಕಾಯಿಯಂತೆ ಹೆಚ್ಚಬೇಕೆಂದು ನಂಬಿದವರ ನಡುವೆ ತಾವು ಕೀಲಿಯ ತೂತಿನಷ್ಟೇ ಜಾಗ ಕೇಳಿ ಒಳಹೊಕ್ಕು, ದೀಪ ಹಚ್ಚಿ ಮೂಲೆಮೂಲೆ ನೋಡಿ, ಉಪ್ಪುನೀರಿನಿಂದ ತೊಳೆಸಿ, ಬಂದ ದಾರಿಯಲ್ಲೇ ಮರಳಿದಿರಿ. ಇಷ್ಟು ಮರ್ಯಾದಸ್ಥ ಅತಿಥಿ ನನ್ನ ಮನೆಗೂ ಬಂದಿಲ್ಲ. ಆದರೆ ತಮ್ಮ ಉಪಕಾರವೇ ಈಗ ನನ್ನ ಕೊರಳಿಗೆ ಬಂದಿದೆ.

ನಮ್ಮಲ್ಲಿ ಪಂಕ್ತಿಯ ಹಿರಿಯ ಏಳುವವರೆಗೆ ಯಾರೂ ತಾಟು ಬಿಟ್ಟು ಏಳುವಂತಿಲ್ಲ. ತಾವು ಬರುವ ಮುಂಚೆ, ಹಿರಿಯ ಮಗಳು ಪಾರವ್ವನನ್ನು ನೋಡಲು ಬಂದ ಗಂಡಿನವರು ಉಂಡು ಜಾರಿಕೊಳ್ಳುವ ವಿಚಾರದಲ್ಲಿದ್ದರು. ಅಷ್ಟರಲ್ಲಿ ಪಂಕ್ತಿಗೆ ಹಿರಿಯನಾಗಿ ಚಕ್ಕಳಮಕ್ಕಳ ಹಾಕಿ ಕೂತಿದ್ದ ನನ್ನ ಮೊಣಕಾಲು ಸಿಕ್ಕಿಕೊಂಡಿತು. ನಾನು ಏಳಲಾರೆ, ಅವರು ಏಳುವಂತಿಲ್ಲ. ಎಂಜಲು ಕೈ ಒಣಗಿದವು, ಹೋಳಿಗೆ ಇನ್ನೊಂದು ಸುತ್ತು ಬಂತು, ಮಾತಿಗೆ ಮಾತು ಬೆಳೆಯಿತು, ಕಾಲು ಬಿಡುವಷ್ಟರಲ್ಲಿ ಲಗ್ನ ಗಟ್ಟಿಯಾಗಿತ್ತು.

ಈಗ ಕಿರಿಯವಳು ಚನ್ನಬಸವ್ವನ ಸರದಿ. ಹುಡುಗ ದೌಂಡದ ರೇಲ್ವೆಯವನು. ಆಕೆಯ ಮನಸ್ಸಿಗೆ ಬಂದಿದ್ದಾನೆ. ಹೋದ ವಾರ ಅವನ ಕಡೆಯವರು ಬಂದು ಉಂಡರು. ಮಜ್ಜಿಗೆ ಕುಡಿದದ್ದೇ ತಡ, ತಾವು ತಿದ್ದಿದ ಕಾಲು ನನ್ನನ್ನೂ ಕೇಳದೆ ಎದ್ದು ನಿಂತಿತು; ಹಿಂದೆಯೇ ಅವರೂ ಎದ್ದು, ಕೈ ತೊಳೆದು, ‘ವಿಚಾರ ಮಾಡಿ ಹೇಳ್ತೀವ್ರಿ’ ಎಂದು ಗಾಡಿ ಹಿಡಿದರು. ‘ನಿಮ್ಮ ಕಾಲು ಕೆಟ್ಟಿದ್ದಾಗ ಭಾಳ ಛಲೋ ಇತ್ರಿ’ ಎಂದು ನನ್ನ ಹೆಂಡತಿ ಶಿವಬಸವ್ವ ಅಂದಿನಿಂದ ಅನ್ನುತ್ತಿದ್ದಾಳೆ. ಮಗಳು ರೇಲ್ವೆ ಸೀಟಿ ಕೇಳಿದಾಗಲೆಲ್ಲ ಬಾಗಿಲಿಗೆ ಬಂದು ನಿಲ್ಲುತ್ತಾಳೆ. ನನಗೆ ಅದರದೇ ಹೆಚ್ಚು ಸಂಕಟ.

ಆದಕಾರಣ ತಾವು ಅದೇ ತೂತಿನಿಂದ ಮತ್ತೊಮ್ಮೆ ಒಳಹೊಕ್ಕು, ತೊಳೆದೊಯ್ದ ನನ್ನ ಹಳೆಯ ತೊಡಕನ್ನು ಇದ್ದಲ್ಲೇ ಇಟ್ಟು, ಲಗ್ನ ಗಟ್ಟಿಯಾದ ಮೇಲೆ ಬೇಕಾದರೆ ತೆಗೆದೊಯ್ಯಬೇಕಾಗಿ ಕೈಮುಗಿದು ಬೇಡುತ್ತೇನೆ.

ನೆಟ್ಟಗೆ ನಿಂತು ಪಶ್ಚಾತ್ತಾಪಪಡುತ್ತಿರುವ,
ತಮ್ಮ ವಿಶ್ವಾಸಿ,
ಈರಬಸಪ್ಪ

ತಾ.ಕ.: ಇಷ್ಟು ಬರೆಯುವಷ್ಟರಲ್ಲಿ ದೌಂಡದಿಂದ ಸುದ್ದಿ ಬಂತು. ಹುಡುಗನ ಅಜ್ಜ, ಹೋದ ವಾರ ಬಾರದಿದ್ದ ಸಿದ್ರಾಮಪ್ಪನವರು, ನನ್ನ ಕಾಲಿನ ಕೀರ್ತಿ ಕೇಳಿ, ತಮ್ಮ ದರ್ಶನಕ್ಕೆಂದು ಮನೆಮಂದಿಯನ್ನೆಲ್ಲ ಕಟ್ಟಿಕೊಂಡು ಪುಣೆಗೆ ಬರುತ್ತಿದ್ದಾರಂತೆ. ಅವರದೂ ಕೂತರೆ ಏಳಲಾರದ ಮೊಣಕಾಲು. ರವಿವಾರ ನಮ್ಮಲ್ಲಿ ಊಟ, ಪಂಕ್ತಿಗೆ ಅವರೇ ಹಿರಿಯರು. ತಾವು ದಯಮಾಡಿ ಸೋಮವಾರದವರೆಗೆ ಕಪಾಟಿನಿಂದ ಹೊರಬರಬಾರದು.