ಅಂಬರೇಶನಿಗೆ ಎಲ್ಲವೂ ನೆನಪಾದ ತಿಂಗಳು

ಗಂಡ ಇದ್ದಕ್ಕಿದ್ದಂತೆ ಸುಧಾರಿಸಿಬಿಟ್ಟರೆ ಯಾವ ಹೆಂಡತಿ ತಾನೆ ಸುಮ್ಮನಿದ್ದಾಳು? ಅನ್ನಪೂರ್ಣಳ ಗಂಡ ಅಂಬರೇಶ ದೇವದುರ್ಗದ ಹೈಸ್ಕೂಲೊಂದರ ಗುಮಾಸ್ತ. ಮೊಸರು ತರಲು ಹೋಗಿ ಚಪ್ಪಲಿ ಹೊಲಿಸಿಕೊಂಡು ಬರುವ ಮನುಷ್ಯ. ಅಂಥವನು ಒಂದು ತಿಂಗಳಿನಿಂದ ಮೊಸರನ್ನೇ ತರುತ್ತಾನೆ, ಗ್ಯಾಸ್ ಬುಕ್ ಮಾಡುತ್ತಾನೆ, ಅವಳ ಮಾತನ್ನು ಕೊನೆತನಕ ಕೇಳುತ್ತಾನೆ. (ಕೇಳಿ, "ಆಮ್ಯಾಲೆ?" ಅಂತ ಬೇರೆ ಅನ್ನುತ್ತಾನೆ.) ಅನ್ನಪೂರ್ಣಳಿಗೆ ಅನುಮಾನ ಶುರುವಾಯಿತು.

ಬುಧವಾರ ಅವನ ಮೊಬೈಲು ಬಡಿದುಕೊಂಡಿತು. ನೋಡಿದರೆ, 'ಯಾಸ್ಮೀನ್, ನಾಳೆ ಹನ್ನೊಂದಕ್ಕೆ. ತಪ್ಪಿಸಬಾರದು.' ಅಂಬರೇಶ ಮಾತ್ರ ಬಚ್ಚಲಿನಿಂದ, "ನಾಳೆ ಮಾನ್ವ್ಯಾಗ ಮೀಟಿಂಗ್ ಅದ" ಎಂದ.

"ಅತ್ತಿ, ನಿಮ್ಮ ಮಗಂದು ಏನೋ ನಡದದ. ನಾಳೆ ಬೆನ್ನು ಹತ್ತಿ ನೋಡ್ತೀನಿ."

ಗದ್ದೆಮ್ಮ ಎಲೆಗೆ ಸುಣ್ಣ ಸವರಿದಳು. "ನನ್ನ ಮಗಗ ಮರುವು ಅದ, ಚಟ ಇಲ್ಲ. ನಡಿ, ನಾನೂ ಬರ್ತೀನಿ. ಹೆಂಗೂ ಹೆಣ್ಮಕ್ಕಳಿಗೆ ಬಸ್ ಫ್ರೀ ಅದ."

ಮರುದಿನ ಅಂಬರೇಶ ಮಾನ್ವಿ ಬಸ್ಸನ್ನು ತಿರುಗಿಯೂ ನೋಡದೆ ರಾಯಚೂರು ಬಸ್ಸು ಹತ್ತಿ ಮುಂದೆ ಕೂತ. ಅತ್ತೆ ಸೊಸೆಯರ ಗೂಢಚಾರ ಪಡೆ ಮುಖದ ತುಂಬ ಸೆರಗು ಹೊದ್ದು ಕಡೇ ಸೀಟು ಹಿಡಿಯಿತು. ಅನ್ನಪೂರ್ಣ ಇಬ್ಬರ ಆಧಾರ್ ಕಾರ್ಡೂ ತೋರಿಸಿ ಫ್ರೀ ಟಿಕೆಟ್ ಪಡೆದಳು. ಗಬ್ಬೂರು ದಾಟುವಷ್ಟರಲ್ಲಿ ಗದ್ದೆಮ್ಮನಿಗೆ ಗಡದ್ದು ನಿದ್ದೆ. ಸೊಸೆಗೆಲ್ಲಿಯ ನಿದ್ದೆ? ಯಾಸ್ಮೀನ್ ಎಂಥವಳೋ, ಮನೆ ಒಡೆದರೆ ಮಕ್ಕಳ ಗತಿ ಏನೋ ಎಂದು ದಾರಿಯುದ್ದಕ್ಕೂ ಲೆಕ್ಕ ಹಾಕಿದಳು.

ರಾಯಚೂರಿನಲ್ಲಿ ಅವನ ನೀಲಿ ಅಂಗಿ ಗದ್ದಲದಲ್ಲಿ ಮಾಯವಾಗುವ ಮುಂಚೆ ಅನ್ನಪೂರ್ಣ ಜಿಗಿದು ಬೆನ್ನು ಹತ್ತಿದಳು. ಅವನು ಹೊಕ್ಕ ಕೋಣೆಯ ಬಾಗಿಲನ್ನು ಬೋರ್ಡೂ ಓದದೆ ದಬ್ಬಿ, "ಯಾರ್ರೀ ಇಲ್ಲಿ ಯಾಸ್ಮೀನ್?" ಎಂದಳು.

"ನಾನೇ, ಡಾಕ್ಟರ್ ಯಾಸ್ಮೀನ್. ಕುಂಡ್ರಿ" ಎಂದರು ಅವಳ ತಾಯಿಯ ವಯಸ್ಸಿನ ಹೆಂಗಸು. "ಮನಿಯವರನ್ನ ಕರ್ಕೊಂಬರ್ರಿ ಅಂತ ಇವರಿಗೆ ನಾಕ್ ಸಲ ಹೇಳೀನಿ."

ಅಂಬರೇಶ ನೆಲ ನೋಡಿದ. "ಹೇಳಿದ್ರ ನೆಪ ಅಂತಿದ್ದಿ. ಅದಕ್ಕ ಸುಳ್ಳು ಹೇಳಿದೆ."

ಡಾಕ್ಟರು ಒಂದು ತಾಸು ಬಿಡಿಸಿ ಹೇಳಿದರು. ಇದಕ್ಕೆ ಎಡಿಎಚ್‌ಡಿ ಅನ್ನುತ್ತಾರೆ, ದೊಡ್ಡವರಿಗೂ ಇರುತ್ತದೆ. ಗಮನವನ್ನು ಒಂದು ಕಡೆ ನಿಲ್ಲಿಸುವುದೇ ಇವರಿಗೆ ಕಷ್ಟ. ಸೋಮಾರಿತನವಲ್ಲ, ಹೆಂಡತಿಯ ಮೇಲಿನ ತಾತ್ಸಾರವೂ ಅಲ್ಲ. ಗುಳಿಗೆ, ಮೊಬೈಲಿನ ಗಂಟೆ, ಕಿಸೆಯ ತುಂಬ ಚೀಟಿ ಇಟ್ಟುಕೊಂಡು ದಿನಾ ಗುದ್ದಾಡುತ್ತಿದ್ದಾರೆ. "ಮರೆತ್ರ ಬೈಬ್ಯಾಡ್ರಿ. ಬೈದ್ರ ಇನ್ನಷ್ಟು ಕೆಡತದ."

ಅನ್ನಪೂರ್ಣಳಿಗೆ ಅಳು ಬಂತು. ಹದಿನಾಲ್ಕು ವರ್ಷ ಅವನನ್ನು ಹೊಣೆಗೇಡಿ ಎಂದ ತನ್ನ ಬಾಯಿಯ ಮೇಲೆ ಅವಳಿಗೇ ಸಿಟ್ಟು ಬಂತು. "ಇನ್ನ ಬೈಯಂಗಿಲ್ರೀ ಮೇಡಂ. ನಾ ಏನೂ ಮರಿಯಾಕಿ ಅಲ್ಲ."

ಅಷ್ಟರಲ್ಲಿ ಅಂಬರೇಶನ ಮೊಬೈಲು ಬಡಿಯಿತು. ಆ ಕಡೆಯ ದನಿ ಕೋಣೆಗೆಲ್ಲ ಕೇಳುವಷ್ಟು ಜೋರಿತ್ತು.

"ಕಂಡಕ್ಟರ್ ಮಲ್ಲಯ್ಯ ಮಾತಾಡಾಕತ್ತೀನ್ರಿ, ಗಬ್ಬೂರಿಂದ. ಬರೂವಾಗ ಮಲಗಿದ್ದ ನಿಮ್ಮ ಅವ್ವ ಇಳಿದೇ ಇಲ್ರಿ, ಈಗ ಹೊಳ್ಳಿ ದೇವದುರ್ಗಕ್ಕ ಹೊಂಟಾಳ. ಆಧಾರ್ ಕೇಳಿದ್ರ ಸೊಸಿ ಕಡೆ ಅದ ಅಂತಾಳ. ಇಡೀ ಬಸ್ಸಿಗೆ ಸೊಸಿ ಕತಿ ಹೇಳಾಕತ್ತಾಳ."

ಅನ್ನಪೂರ್ಣ ಕೈಚೀಲ ತಡಕಿದಳು. ಕಾರ್ಡು ಎರಡೂ ಇದ್ದವು.

ಅಂಬರೇಶ ಡಾಕ್ಟರಿಗೆ ಕೈ ಮುಗಿದ. "ಮೇಡಂ, ಮರೆತವ್ರನ್ನ ಬೈಬಾರ್ದು ಅಂದ್ರಲ್ಲ, ಅದನ್ನ ಬರದು ಸಹಿ ಮಾಡಿ ಕೊಡ್ರಿ. ನಮ್ಮವ್ವಗ ತೋರಸ್ತೀನಿ. ಇಲ್ಲಾಂದ್ರ ಇಕಿನ್ನ ಇವತ್ತು ಮನಿಯೊಳಗ ಸೇರಸಂಗಿಲ್ಲ."