ರವಿಕೆ ಹೊಲಿಯುವವಳ ಅಂಬಾಸಿಡರ್

ಭದ್ರಾವತಿಯಲ್ಲಿ ನಮ್ಮ ಅತ್ತೆಯ ಕಾರಿಗೆ ಹೆದರದ ಎಮ್ಮೆಯಿಲ್ಲ, ಅತ್ತೆಯ ಬಾಯಿಗೆ ಹೆದರದ ಮನುಷ್ಯರಿಲ್ಲ. ಎಮ್ಮೆಗಳಾದರೂ ಪಕ್ಕಕ್ಕೆ ಸರಿದರೆ ಬಚಾವು. ಮನುಷ್ಯರು ಹಾಗೆ ಸರಿಯುವುದಿಲ್ಲವಲ್ಲ! ಕಾರು ಕಂಡ ಕೂಡಲೇ ನಿಂತು, ಬಾನೆಟ್ ಸವರಿ, ಎರಡು ಪ್ರಶ್ನೆ ಕೇಳಿಯೇ ಕೇಳುತ್ತಾರೆ. ಕಾರು ಯಾರದ್ದು ಎಂಬುದು ಮೊದಲನೆಯದು. ನನ್ನದೇ ಎಂದು ಅತ್ತೆ ಹೇಳಿದರೆ, ಅವಳ ವಾಯಿಲ್ ಸೀರೆಯನ್ನೂ ಕೊರಳಿನ ಅಳತೆ ಟೇಪನ್ನೂ ಒಮ್ಮೆ ನೋಡಿ, ಜೀವನಕ್ಕೆ ಏನು ಮಾಡುತ್ತೀರಿ ಎಂದು ಎರಡನೆಯದನ್ನು ಕೇಳುತ್ತಾರೆ. ಅಲ್ಲಿಗೆ ಅವರ ಕಥೆ ಮುಗಿದ ಹಾಗೆ.

ಅತ್ತೆ ಎಂದರೆ ನನ್ನ ಅಪ್ಪನ ಅಕ್ಕ. ಮದುವೆಯಾಗಲಿಲ್ಲ. ಅಪ್ಪನಿಗೆ ಊರೂರು ವರ್ಗವಾಗುವ ಕೆಲಸ. ಅಮ್ಮ ತೀರಿಕೊಂಡ ಮೇಲೆ ನಾನು ಬೆಳೆದದ್ದು ಅವಳ ಮನೆಯಲ್ಲೇ. ಜೀವನಕ್ಕೆ ಅವಳು ರವಿಕೆ ಹೊಲಿಯುತ್ತಾಳೆ. ಮುಂದಿನ ಕೋಣೆಯಲ್ಲಿ ಎರಡು ಹೊಲಿಗೆ ಮಿಷನ್, ಪಕ್ಕದ ಶೆಡ್ಡಿನಲ್ಲಿ ಕೆನೆ ಬಣ್ಣದ, ನನಗಿಂತ ಹಿರಿಯದಾದ ಒಂದು ಅಂಬಾಸಿಡರ್. ಹಳೇ ಕಾರಿನ ಹುಚ್ಚು ಹಿಡಿಯಬೇಕಾದರೆ ಅಡಿಕೆ ಮಂಡಿಯೋ ಪೆಟ್ರೋಲ್ ಬಂಕೋ ಅಪ್ಪ ಬಿಟ್ಟುಹೋದ ಆಸ್ತಿಯೋ ಇರಬೇಕು ಎಂಬುದು ಲೋಕದ ತೀರ್ಮಾನ. ರವಿಕೆ ಹೊಲಿಯುವವಳಿಗೆ ಹಿಡಿದರೆ ಧಾರಾವಾಹಿಯ ಹುಚ್ಚು ಹಿಡಿಯಬಹುದು. ಕಾರಿನದು ಹೇಗೆ ಹಿಡಿದೀತು?

ಹಿಡಿದದ್ದು ಹೀಗೆ. ನಾನು ಕಾಲೇಜು ಮುಗಿಸಿದ ವರ್ಷ, ಮನೆಯೆದುರಿನ ಟ್ಯಾಕ್ಸಿ ಸ್ಟ್ಯಾಂಡಿನ ಹಿರಿಯ ಸಾಬರು ವಯಸ್ಸಾಯಿತೆಂದು ಕಸುಬು ಬಿಟ್ಟರು. ಕಾರು ನೋಡಲು ಬಂದ ಗುಜರಿಯವನು ಅದರ ಬಾಗಿಲಿಗೆ ಒಂದು ಒದೆ ಕೊಟ್ಟು, ತಗಡು ಗಟ್ಟಿಯಾಗಿದೆ ಎಂದ. ಆ ಸದ್ದು ಕೇಳಿ ಅತ್ತೆ ಬಾಯಲ್ಲಿ ಕಚ್ಚಿಕೊಂಡಿದ್ದ ಗುಂಡುಸೂಜಿಗಳ ಸಮೇತ ಎದ್ದು ಹೋದಳು. ಇನ್ನೊಂದು ಒದೆ ಬಿದ್ದರೆ ಕಾಲಿಗೆ ಕಾಜ ಹಾಕುತ್ತೇನೆ ಎಂದು ಗುಜರಿಯವನಿಗೂ, ಕಾರು ನಾನೇ ತಗೊಳ್ಳುತ್ತೇನೆ ಎಂದು ಸಾಬರಿಗೂ ಹೇಳಿದಳು. ಡ್ರೈವಿಂಗ್ ಬರುತ್ತದಾ ಎಂದು ಸಾಬರು ಅನುಮಾನದಿಂದ ಕೇಳಿದರು.

‘ಕಾಲಲ್ಲಿ ತುಳಿಯೋಕೆ ಬರುತ್ತೆ, ಕೈಯಲ್ಲಿ ತಿರುಗಿಸೋಕೆ ಬರುತ್ತೆ. ಅದರಲ್ಲಿ ಇನ್ನೇನಿದೆ ಸಾಬ್ರೆ?’ ಎಂದಳು ಅತ್ತೆ.

ನಲವತ್ತಾರು ದಾಟಿದ ಹೆಂಗಸಿಗೆ ಸಾಬರು ದಿನಾ ಬೆಳಿಗ್ಗೆ ಒಂದು ಖಾಲಿ ಮೈದಾನದಲ್ಲಿ, ಪಕ್ಕದ ಸೀಟಿನಲ್ಲಿ ಜೀವ ಕೈಯಲ್ಲಿ ಹಿಡಿದು ಕೂತು, ‘ಆಹಿಸ್ತಾ ಅಕ್ಕ, ನಿಧಾನ, ಆಹಿಸ್ತಾ’ ಎಂದು ಪಾಠ ಹೇಳಿದರು. ತಿಂಗಳೊಪ್ಪತ್ತಿನಲ್ಲಿ ಅತ್ತೆಗೆ ಡ್ರೈವಿಂಗ್ ಬಂತು. ಆಹಿಸ್ತಾ ಮಾತ್ರ ಇವತ್ತಿಗೂ ಬಂದಿಲ್ಲ.

ಆಮೇಲೆ ಕಾರಿನ ಉಡುಪು. ಸೀಟುಗಳು ಹರಿದು ನಾರು ಹೊರಗೆ ಬಂದಿತ್ತು. ಅತ್ತೆ ಟೇಪು ಹಿಡಿದು ಕಾರಿನೊಳಗೆ ತೂರಿ ಅಳತೆ ತೆಗೆದು, ಮೆರೂನ್ ರೆಕ್ಸಿನ್ನಿಗೆ ಹಳದಿ ಪೈಪಿಂಗ್ ಇಟ್ಟು ತಾನೇ ಹೊಲಿದಳು. ಹಿಂದಿನ ಸೀಟಿಗೆ ಪ್ರಿನ್ಸೆಸ್ ಕಟ್, ಮುಂದಿನದಕ್ಕೆ ಬೋಟ್ ನೆಕ್ ಎಂದು ನಾನು ಈಗಲೂ ಕೀಟಲೆ ಮಾಡಿದರೆ ಅವಳಿಗೇನೂ ಬೇಸರವಿಲ್ಲ. ನಿನ್ನ ಮದುವೆ ರವಿಕೆಗಿಂತ ಫಿಟ್ಟಿಂಗ್ ಚೆನ್ನಾಗಿ ಬಂದಿದೆ ಎನ್ನುತ್ತಾಳೆ. ಅದು ನಿಜವೂ ಹೌದು ಎನ್ನುವುದು ನನ್ನ ದುಃಖ.

ಒಮ್ಮೆ ಶಿವಮೊಗ್ಗದ ಗೋಪಾಳದ ಒಂದು ಮನೆಗೆ ಮದುಮಗಳ ಧಾರೆ ರವಿಕೆ ತಲುಪಿಸಬೇಕಿತ್ತು. ಹೊರಟ ಕಾರು ಇನ್ನೆರಡು ಬೀದಿ ಇದೆ ಎನ್ನುವಾಗ ನಿಂತುಬಿಟ್ಟಿತು. ಮದುಮಗಳ ಅಣ್ಣ ಬೈಕಿನಲ್ಲಿ ಧಾವಿಸಿ ಬಂದು ರವಿಕೆ ಕೊಡಿ ಎಂದು ಕೈ ಚಾಚಿದ. ಕಾರನ್ನು ಬೀದಿಯಲ್ಲಿ ಒಂಟಿಯಾಗಿ ಬಿಟ್ಟು ರವಿಕೆಯನ್ನು ಮಾತ್ರ ಕಳಿಸುವುದು ಅತ್ತೆಗೆ ಸರಿ ಕಾಣಲಿಲ್ಲ. ಹೋದರೆ ಇಬ್ಬರೂ ಒಟ್ಟಿಗೆ ಎಂದಳು. ಹತ್ತು ನಿಮಿಷದಲ್ಲಿ ರೇಷ್ಮೆ ಪಂಚೆಯ ಎಂಟು ಜನ ನೆಂಟರು ಬಂದು ಕಾರು ತಳ್ಳಿದರು. ಫೋಟೋದವನು ಬಿಟ್ಟಾನೆಯೇ? ಆ ಮದುವೆಯ ಆಲ್ಬಮ್ಮಿನಲ್ಲಿ ಮೊದಲ ಚಿತ್ರ ಗಣಪತಿಯದು, ಎರಡನೆಯದು ನಮ್ಮ ಅತ್ತೆಯದು.

ಸವಳಂಗ ರಸ್ತೆಯ ಒಬ್ಬ ಶ್ರೀಮಂತರು ಕಾರನ್ನು ಕೇಳಿಕೊಂಡು ಮನೆಗೇ ಬಂದರು. ಅವರು ಹೊಸದಾಗಿ ಕಟ್ಟಿದ ರೆಸಾರ್ಟಿನ ಗೇಟಿನ ಪಕ್ಕ, ಹುಲ್ಲಿನ ಮೇಲೆ, ಚಂದಕ್ಕೆ ನಿಲ್ಲಿಸುತ್ತಾರಂತೆ. ಅತ್ತೆ ಅವರಿಗೆ ಕಾಫಿ ಕೊಟ್ಟು, ಎಲ್ಲ ಕೇಳಿಸಿಕೊಂಡು, ‘ನಿಮ್ಮನೇಲಿ ಅಜ್ಜಿ ಇದಾರಾ?’ ಎಂದಳು. ಇದ್ದಾರೆ ಎಂದರು. ‘ಅವರನ್ನ ಗೇಟ್ ಹತ್ರ ಕೂರಿಸಿ, ಚಂದ ಕಾಣುತ್ತೆ.’ ಪಾಪ, ಅರ್ಧ ಕಾಫಿ ಬಿಟ್ಟು ಎದ್ದರು.

ಇಂಥ ಅತ್ತೆಯನ್ನು ಹೋದ ವರ್ಷ ಶಿವಮೊಗ್ಗದ ಹಳೇ ಕಾರುಗಳ ಪ್ರದರ್ಶನಕ್ಕೆ ಹೊರಡಿಸಿದ್ದು ನಾನೇ. ನವುಲೆಯ ಕಡೆಯ ಮೈದಾನ. ಗೇಟಿನಲ್ಲಿ ಮೇಜು ಹಾಕಿಕೊಂಡಿದ್ದ ಯುವಕ ಒಂದು ಫಾರಂ ಕೊಟ್ಟ. ಹೆಸರು, ಊರು, ಕಾರಿನ ವರ್ಷ, ಕೊನೆಗೆ ವೃತ್ತಿ. ಮೆರವಣಿಗೆಯಲ್ಲಿ ಕಾರು ವೇದಿಕೆಯ ಮುಂದೆ ಬಂದಾಗ ಅಷ್ಟನ್ನೂ ಮೈಕಿನಲ್ಲಿ ಓದುತ್ತಾರೆ. ಅತ್ತೆ ದುಂಡಗಿನ ಅಕ್ಷರದಲ್ಲಿ ‘ರವಿಕೆ ಹೊಲಿಯುವುದು’ ಎಂದು ಬರೆದಳು.

ಯುವಕ ಅದನ್ನು ಎರಡು ಸಲ ಓದಿದ. ಫ್ಯಾಷನ್ ಡಿಸೈನರ್ ಅಂತ ಹಾಕೋಣವಾ ಎಂದು ವಿನಯದಿಂದಲೇ ಕೇಳಿದ. ಬೇಡ ಎಂದಳು. ಉದ್ಯಮಿ? ಬೇಡ. ಕೊನೆಗೆ ಗೃಹಿಣಿ ಎಂದ. ಗೃಹ ಇದೆ, ಗೃಹಸ್ಥ ಇಲ್ಲ ಎಂದಳು. ಅಷ್ಟರಲ್ಲಿ ಕೋಟು ಹಾಕಿದ ಸಂಘಟಕರು ಬಂದರು. ವೇದಿಕೆಯಲ್ಲಿ ದೊಡ್ಡವರಿರುತ್ತಾರೆ, ಕೇಳೋಕೆ ಒಂದು ಮಟ್ಟ ಇರಬೇಕು, ಬದಲಾಯಿಸದಿದ್ದರೆ ಕಾರನ್ನು ಮೆರವಣಿಗೆಗೆ ಬಿಡುವುದಿಲ್ಲ ಎಂದರು.

ಹಿಂದಿನ ಕಾರುಗಳವರು ಆಗಲೇ ತುಂಬಿ ಕೊಟ್ಟು ಮೇಜಿನ ಮೇಲಿದ್ದ ಫಾರಂಗಳನ್ನು ಅತ್ತೆ ಒಂದೊಂದಾಗಿ ತಿರುವಿದಳು. ಉದ್ಯಮಿ, ಉದ್ಯಮಿ, ಕನ್ಸಲ್ಟೆಂಟ್, ಉದ್ಯಮಿ.

‘ಇಷ್ಟೊಂದು ಜನ ಉದ್ಯಮಿಗಳಿದ್ರೆ ನಮ್ ಜಿಲ್ಲೆ ಯಾಕ್ ಸ್ವಾಮಿ ಹಿಂಗಿದೆ?’ ಎಂದಳು. ಆಮೇಲೆ ಕಾರಿನಲ್ಲಿ ಕೂತು ಬಾಗಿಲು ಹಾಕಿಕೊಂಡಳು. ‘ನಾನು ಏನು ಮಾಡ್ತೀನೋ ಅದನ್ನ ಓದಿ. ಇಲ್ಲಾಂದ್ರೆ ಗಾಡಿ ಇಲ್ಲಿಂದ ಕದಲಲ್ಲ.’

ನಮ್ಮ ಕಾರು ಗೇಟಿನ ಬಾಯಿಗೆ ಸರಿಯಾಗಿ ನಿಂತಿತ್ತು. ಹಿಂದೆ ಹದಿನೈದು ಕಾರುಗಳು ಸಾಲುಗಟ್ಟಿದವು. ಹಾರ್ನುಗಳ ಸಂತೆ. ಅದು ಅತ್ತೆಯ ಸತ್ಯಾಗ್ರಹವೋ ಅಥವಾ ಸ್ಟಾರ್ಟ್ ಆಗದ ಕಾರಿನ ಮಾನ ಉಳಿಸುವ ಉಪಾಯವೋ ಎಂಬ ಗುಮಾನಿ ನನಗೆ ಬರದೆ ಇರಲಿಲ್ಲ. ಕೇಳುವ ಧೈರ್ಯವಾಗಲಿಲ್ಲ.

ಹಿಂದಿನ ಕರಿ ಕಾರಿನಿಂದ ಬಿಳಿ ಅಂಗಿಯ ದಪ್ಪ ಮನುಷ್ಯರೊಬ್ಬರು ಇಳಿದು ಬಂದರು. ಜಗಳ ಶುರುವಾಯಿತು ಎಂದುಕೊಂಡೆ. ಅವರು ವಿಷಯ ಏನೆಂದು ಯುವಕನನ್ನು ಕೇಳಿ ತಿಳಿದುಕೊಂಡರು. ಬಳಿಕ ತಮ್ಮ ಫಾರಂ ವಾಪಸ್ ಕೇಳಿ, ‘ಉದ್ಯಮಿ’ಯನ್ನು ಹೊಡೆದು ಹಾಕಿ, ‘ಹಿಟ್ಟಿನ ಗಿರಣಿ’ ಎಂದು ಬರೆದರು. ಅವರ ಹಿಂದಿನವರು ಕನ್ಸಲ್ಟೆಂಟ್. ಅವರೂ ಬಂದು, ಅತ್ತಿತ್ತ ನೋಡಿ, ‘ಬಸ್ ಕಂಡಕ್ಟರ್’ ಎಂದು ತಿದ್ದಿದರು. ಮೂರನೆಯವರು ಹಲ್ಲಿನ ಸೆಟ್ ಮಾಡುವವರು, ನಾಲ್ಕನೆಯವರು ಮದುವೆ ಮನೆಗಳಿಗೆ ಶಾಮಿಯಾನ ಹಾಕುವವರು. ಸಂಘಟಕರು ಕೋಟಿನ ಗುಂಡಿ ಬಿಚ್ಚಿ ಕುರ್ಚಿಯಲ್ಲಿ ಕೂತರು. ಆಗ ಅತ್ತೆ ಕೀಲಿ ತಿರುಗಿಸಿದಳು. ಕಾರು ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು!

ಭದ್ರಾವತಿಯಿಂದ ಬಂದ, ರವಿಕೆ ಹೊಲಿಯುವ ಇಂಥವರು ಎಂದು ಮೈಕಿನಲ್ಲಿ ಕೇಳಿದಾಗ ಹೆಂಗಸರ ಕಡೆಯಿಂದ ಎದ್ದ ಚಪ್ಪಾಳೆ ಬೇರೆ ಯಾರಿಗೂ ಸಿಗಲಿಲ್ಲ. ಬಹುಮಾನವೂ ಸಿಗಲಿಲ್ಲ, ಅದು ಬೇರೆ ಮಾತು. ಸೀಟು ಒರಿಜಿನಲ್ ಅಲ್ಲವಲ್ಲ ಎಂದು ತೀರ್ಪುಗಾರರು ಅಂಕ ಕಳೆದರು. ನಿಮ್ಮ ತಲೆಗೂದಲ ಬಣ್ಣ ಒರಿಜಿನಲ್ಲಾ ಎಂದು ಅತ್ತೆ ವಿಚಾರಿಸಿ ಬಂದಳು.

ಸಂಜೆ ಭದ್ರಾವತಿಗೆ ಹೊರಟೆವು. ಕಂಡಕ್ಟರ್ ಅತ್ತಿತ್ತ ನೋಡಿದ್ದನ್ನು ನೆನೆದು ನಾನು ದಾರಿಯುದ್ದಕ್ಕೂ ನಗುತ್ತಿದ್ದೆ. ನಗುನಗುತ್ತಲೇ ನನ್ನದೇ ಹಳೆಯದೊಂದು ನೆನಪಾಯಿತು. ಕಾಲೇಜು ಸೇರುವಾಗ ನಾನೂ ಒಂದು ಅರ್ಜಿ ತುಂಬಿದ್ದೆ. ಪೋಷಕರೆಂದು ಅತ್ತೆಯ ಹೆಸರು ಹಾಕಿ, ಅವರ ವೃತ್ತಿ ಎಂದಿದ್ದ ಜಾಗದಲ್ಲಿ ‘ಬಟ್ಟೆ ವ್ಯಾಪಾರ’ ಎಂದು ಬರೆದಿದ್ದೆ. ಪಕ್ಕದಲ್ಲಿ ಕೂತ ಗೆಳತಿ ಇಣುಕುತ್ತಿದ್ದಳು, ಬೇರೆ ಬರೆಯಲು ಕೈ ಬರಲಿಲ್ಲ. ಇಷ್ಟು ವರ್ಷ ಯಾರಿಗೂ ಹೇಳದಿದ್ದುದನ್ನು ಅವತ್ತು ಅತ್ತೆಗೆ ಹೇಳಿದೆ.

‘ಗೊತ್ತು,’ ಎಂದಳು ರಸ್ತೆ ನೋಡುತ್ತಲೇ. ‘ಸಹಿ ಹಾಕಿದ್ದು ನಾನೇ ಅಲ್ವಾ.’

‘ಮತ್ತೆ ಬೈಲಿಲ್ಲ ಯಾಕೆ?’

ಅತ್ತೆ ಹಿಂದಿನ ಬಸ್ಸಿಗೆ ದಾರಿ ಬಿಟ್ಟಳು. ಅವಳು ಇನ್ನೊಂದು ಗಾಡಿಗೆ ದಾರಿ ಬಿಟ್ಟದ್ದನ್ನು ನಾನು ಕಂಡದ್ದು ಅದೇ ಮೊದಲು.

‘ಆವಾಗ ನಂಗೂ ಹಂಗೇ ಅನ್ನಿಸ್ತಿತ್ತು ಕಣೆ. ನೀನು ಬರೆದಿದ್ದು ಓದಿ, ಸದ್ಯ, ಮಗೀಗೆ ನಾಚಿಕೆ ಆಗೋದು ತಪ್ತಲ್ಲ ಅಂದ್ಕೊಂಡೆ.’

ಮೇಲ್ಸೇತುವೆಯ ಏರು ಶುರುವಾಗಿತ್ತು. ಗೇರ್ ಇಳಿಸಬೇಕಿದ್ದ ಎಡಗೈಯನ್ನು ಅತ್ತೆ ನನ್ನ ಕೈ ಮೇಲೆ ಇಟ್ಟಳು. ಗುಂಡುಸೂಜಿ ಚುಚ್ಚಿ ಚುಚ್ಚಿ ಒರಟಾದ ಬೆರಳುಗಳು. ಕಾರು ಮುಲುಗಿತು, ನಡುಗಿತು, ಹಿಂದಿನ ಲಾರಿಯವನು ಹಾರ್ನ್ ಹೊಡೆದೇ ಹೊಡೆದ. ಅತ್ತೆ ಕೈ ತೆಗೆಯಲಿಲ್ಲ.